ಮಾತು ಕಲಿಸುವ ಸಂಘಗಳು, ಸಂಘ ನಡೆಸುವ ಕೆಲಸ



ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಒಂದು ಕನ್ನಡ ಸಂಘ, ಇಲ್ಲವೆ ಒಂದು ಚರ್ಚಾಕೂಟ ಇದ್ದೇ ಇರುತ್ತದೆ. ವರ್ಷದ ಆರಂಭದಲ್ಲಿ ಅದರ ಉದ್ಘಾಟನೆ, ಪರೀಕ್ಷೆಗೆ ಮೊದಲು ಸಮಾರೋಪ. ಎರಡೂ ದಿನ ಹಾರ ತುರಾಯಿ, ಸ್ವಾಗತ, ವಂದನಾರ್ಪಣೆ. ಆದರೆ ಇವೆರಡರ ನಡುವೆ ಎಷ್ಟು ಸಭೆಗಳು ನಡೆದವು, ಎಷ್ಟು ಮಂದಿ ಮೊದಲ ಬಾರಿಗೆ ಎದ್ದು ನಿಂತು ನಾಲ್ಕು ಮಾತನಾಡಿದರು ಎಂದು ಕೇಳಿ ನೋಡಿ. ಕಾರ್ಯದರ್ಶಿಯ ಬಳಿ ಉತ್ತರವಿರುವುದು ಅಪರೂಪ. ಸಂಘವನ್ನು ಆಸಕ್ತಿಯಿಂದ ಬೆಳೆಸಿದ ಅಧ್ಯಾಪಕರಿಗೆ ವರ್ಗವಾಯಿತೆಂದರೆ ಆ ಉದ್ಘಾಟನೆಯೂ ನಿಂತುಹೋಗುತ್ತದೆ. ಇದು ನಮ್ಮಲ್ಲಿ ಮಾತ್ರ ಇರುವ ರೋಗವೆಂದು ಭಾವಿಸಬೇಡಿ. ಭಾಷಣ ಕಲಿಸುವ ಸಂಘಗಳ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಹೆಸರಾದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆ ಕೂಡ ಇದೇ ರೋಗದಿಂದ ಹಲವು ಬಾರಿ ಸತ್ತು, ಮತ್ತೆ ಹುಟ್ಟಿ ಬಂದದ್ದು.

ರಾಲ್ಫ್ ಸ್ಮೆಡ್ಲಿ 1878ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಹುಟ್ಟಿದವನು. ಅಲ್ಲಿನ ಬ್ಲೂಮಿಂಗ್ಟನ್ ಎಂಬ ಪಟ್ಟಣದಲ್ಲಿ ಕಾಲೇಜು ಮುಗಿಸಿ, ಅದೇ ಊರಿನ ವೈ.ಎಂ.ಸಿ.ಎ.ಯಲ್ಲಿ ಶಿಕ್ಷಣ ವಿಭಾಗದ ಕೆಲಸಕ್ಕೆ ಸೇರಿದ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಇದೇ ಸಂಸ್ಥೆಯ ಕಟ್ಟಡವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿಗೆ ಬರುತ್ತಿದ್ದ ಯುವಕರಲ್ಲಿ ಸ್ಮೆಡ್ಲಿ ಒಂದು ಕೊರತೆಯನ್ನು ಕಂಡ. ಅವರಿಗೆ ಆಟ ಗೊತ್ತು, ಓದು ಗೊತ್ತು. ಆದರೆ ನಾಲ್ಕು ಜನರೆದುರು ಮಾತನಾಡಲು ಬಾರದು, ಒಂದು ಸಭೆಯ ಅಧ್ಯಕ್ಷತೆ ವಹಿಸಿ ಅದನ್ನು ಕ್ರಮವಾಗಿ ನಡೆಸಲು ಬಾರದು. ಈ ಎರಡನೆಯ ಮಾತನ್ನು ಗಮನಿಸಿ. ಭಾಷಣದ ಜೊತೆಗೆ ಸಭೆ ನಡೆಸುವ ವಿದ್ಯೆಯೂ ಮೊದಲ ದಿನದಿಂದಲೇ ಅವನ ಮನಸ್ಸಿನಲ್ಲಿತ್ತು.

1905ರ ಮಾರ್ಚ್ ತಿಂಗಳಲ್ಲಿ ಅವನು ಮೊದಲ ಕೂಟವನ್ನು ಸೇರಿಸಿದ. ಅದಕ್ಕೆ ಇಟ್ಟ ಹೆಸರು ಟೋಸ್ಟ್‌ಮಾಸ್ಟರ್ಸ್ ಕ್ಲಬ್. ಟೋಸ್ಟ್ ಎಂದೊಡನೆ ನಮಗೆ ನೆನಪಾಗುವುದು ಬೇಕರಿಯ ಸುಟ್ಟ ಬ್ರೆಡ್ಡು. ಇಲ್ಲಿ ಆ ಅರ್ಥವಲ್ಲ. ಪಾಶ್ಚಾತ್ಯರ ಔತಣಕೂಟಗಳಲ್ಲಿ ಅತಿಥಿಯ ಆರೋಗ್ಯ ಹಾರೈಸಿ ಲೋಟ ಎತ್ತುವುದಕ್ಕೆ ಟೋಸ್ಟ್ ಎನ್ನುತ್ತಾರೆ. ಊಟದ ನಂತರ ಭಾಷಣಕಾರರನ್ನು ಒಬ್ಬೊಬ್ಬರಾಗಿ ಪರಿಚಯಿಸುವವನು ಟೋಸ್ಟ್‌ಮಾಸ್ಟರ್. ನಮ್ಮ ಕಾರ್ಯಕ್ರಮ ನಿರೂಪಕ ಎಂದುಕೊಳ್ಳಿ. ಗಂಭೀರವಾದ ಪಾಠದ ಕೊಠಡಿಯ ಬದಲು ಔತಣದ ಸಲಿಗೆ ಇರಲಿ ಎಂಬ ಉದ್ದೇಶದಿಂದ ಈ ಹೆಸರು ಬಂದಿತು. ಸದಸ್ಯರು ಸರದಿಯಂತೆ ಚಿಕ್ಕ ಭಾಷಣ ಮಾಡುವುದು, ಸರದಿಯಂತೆ ಅಧ್ಯಕ್ಷತೆ ವಹಿಸುವುದು, ಅನುಭವಸ್ಥರು ಭಾಷಣದ ಗುಣದೋಷ ಹೇಳುವುದು. ವ್ಯವಸ್ಥೆ ಇಷ್ಟೇ.

ಕೂಟ ಚೆನ್ನಾಗಿಯೇ ನಡೆಯಿತು. ಆದರೆ ಸ್ಮೆಡ್ಲಿಗೆ ವರ್ಗವಾಯಿತು. ಅವನು ಊರು ಬಿಟ್ಟೊಡನೆ ಕೂಟವೂ ಮುಚ್ಚಿತು. ಫ್ರೀಪೋರ್ಟಿಗೆ ಹೋದ, ಅಲ್ಲಿ ಒಂದು ಕೂಟ ಕಟ್ಟಿದ. ರಾಕ್ ಐಲೆಂಡಿಗೆ ಹೋದ; ಅಲ್ಲಿಯೂ ಕಟ್ಟಿದ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿಯೂ ಅದೇ ಕಥೆ. ಅವನಿರುವಷ್ಟು ದಿನ ಉತ್ಸಾಹ, ಹೋದ ಮೇಲೆ ಮೌನ. ವೈ.ಎಂ.ಸಿ.ಎ.ಯ ಇತರ ಅಧಿಕಾರಿಗಳು ಇದನ್ನು ಸ್ಮೆಡ್ಲಿಯ ಸ್ವಂತ ಹವ್ಯಾಸವೆಂದೇ ತಿಳಿದಿದ್ದರು. ಅವನ ಹಿಂದೆ ಅದನ್ನು ಹೊತ್ತುಕೊಳ್ಳಬೇಕೆಂದು ಅವರಿಗೆ ಅನ್ನಿಸಲಿಲ್ಲ. ಸದಸ್ಯರಲ್ಲಿಯೂ ಹೊರಬಲ್ಲವರು ಯಾರೂ ತಯಾರಾಗಿರಲಿಲ್ಲ. ಹೀಗೆ ಸುಮಾರು ಇಪ್ಪತ್ತು ವರ್ಷ ಕಳೆಯಿತು. ಅಷ್ಟು ಕಾಲ ಒಂದೇ ಕೆಲಸವನ್ನು ಊರೂರಿನಲ್ಲಿ ಮೊದಲಿನಿಂದ ಆರಂಭಿಸಿದ ಆತನ ತಾಳ್ಮೆಯನ್ನು ನಾನಂತೂ ಅವನ ಎಲ್ಲ ಗುಣಗಳಿಗಿಂತ ಮೇಲಿನದೆಂದು ಎಣಿಸುತ್ತೇನೆ.

1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಅನಾ ಎಂಬಲ್ಲಿ, ವೈ.ಎಂ.ಸಿ.ಎ. ಕಟ್ಟಡದ ನೆಲಮಾಳಿಗೆಯಲ್ಲಿ, ಮತ್ತೊಂದು ಕೂಟ ಆರಂಭವಾಯಿತು. ಇದು ಉಳಿಯಿತು. ಈ ಬಾರಿ ಆದ ವ್ಯತ್ಯಾಸವೇನು? ಪಕ್ಕದ ಊರುಗಳವರು ಬಂದು ನೋಡಿ, ನಮಗೂ ಬೇಕೆಂದರು. ಅನಾಹೈಮ್‌ನಲ್ಲಿ ಒಂದು, ಲಾಸ್ ಏಂಜಲೀಸ್‌ನಲ್ಲಿ ಒಂದು ಹೀಗೆ ಹಬ್ಬಿತು. ಎಲ್ಲ ಊರಿಗೂ ಸ್ಮೆಡ್ಲಿ ತಾನೇ ಹೋಗಿ ಕೂರುವಂತಿರಲಿಲ್ಲ. ಆದ್ದರಿಂದ ಸಭೆ ಹೇಗೆ ನಡೆಸಬೇಕು, ಯಾರ ಹೊಣೆ ಏನು, ಭಾಷಣವನ್ನು ಹೇಗೆ ತೂಗಬೇಕು ಎಂಬುದನ್ನೆಲ್ಲ ಕೈಪಿಡಿಯಾಗಿ ಬರೆದು ಕಳುಹಿಸಿದ. ಅವನ ತಲೆಯಲ್ಲಿದ್ದ ವಿದ್ಯೆ ಕಾಗದಕ್ಕೆ ಇಳಿದದ್ದು ಆಗ. ಮುಂದೆ ಈ ಕೂಟಗಳು ಒಂದು ಒಕ್ಕೂಟವಾದವು. ಕೆನಡಾ ದೇಶದ ನ್ಯೂ ವೆಸ್ಟ್‌ಮಿನ್‌ಸ್ಟರಿನ ಕೂಟವೂ ಸೇರಿದ್ದರಿಂದ 1930ರಲ್ಲಿ ಒಕ್ಕೂಟದ ಹೆಸರು ಟೋಸ್ಟ್‌ಮಾಸ್ಟರ್ಸ್ ಇಂಟರ್‌ನ್ಯಾಷನಲ್ ಎಂದಾಯಿತು. 1932ರಲ್ಲಿ ಸಂಸ್ಥೆ ಕಾನೂನುರೀತ್ಯಾ ನೋಂದಣಿಯಾಯಿತು. ಸ್ಮೆಡ್ಲಿ 1965ರಲ್ಲಿ ತೀರಿಕೊಂಡ. ಆಗ ಯಾವ ಕೂಟವೂ ಅವನಿಲ್ಲವೆಂದು ಬಾಗಿಲು ಮುಚ್ಚಲಿಲ್ಲ.

ಈಗ ಅಂಥ ಒಂದು ಸಭೆಯ ಒಳಗೆ ಇಣುಕೋಣ. ಬೆಂಗಳೂರಿನಲ್ಲಿಯೂ ಇಂಥ ಕೂಟಗಳಿವೆ; ಕ್ರಮ ಎಲ್ಲೆಡೆ ಹೆಚ್ಚುಕಡಮೆ ಒಂದೇ. ಮೊದಲು ಸಿದ್ಧಪಡಿಸಿಕೊಂಡು ಬಂದ ಭಾಷಣಗಳು. ಸಾಮಾನ್ಯವಾಗಿ ಒಂದಕ್ಕೆ ಐದರಿಂದ ಏಳು ನಿಮಿಷ. ಐದು ನಿಮಿಷವಾದಾಗ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಹೊಸ ಸದಸ್ಯನ ಮೊದಲ ಭಾಷಣಕ್ಕೆ ಐಸ್ ಬ್ರೇಕರ್ ಎಂದು ಹೆಸರು. ಅದರಲ್ಲಿ ಅವನು ತನ್ನ ಪರಿಚಯವನ್ನೇ ಮಾಡಿಕೊಳ್ಳುತ್ತಾನೆ. ನಂತರ ಆಶುಭಾಷಣ. ವಿಷಯ ಆ ಕ್ಷಣದಲ್ಲಿ ತಿಳಿಯುತ್ತದೆ, ಒಂದೆರಡು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಕೊನೆಯಲ್ಲಿ ಪ್ರತಿಯೊಂದು ಭಾಷಣದ ವಿಮರ್ಶೆ. ವಿಮರ್ಶಿಸುವವರು ಹೊರಗಿನ ಪಂಡಿತರಲ್ಲ, ಜೊತೆಯ ಸದಸ್ಯರೇ. ಒಬ್ಬರು ಭಾಷೆಯ ತಪ್ಪುಒಪ್ಪುಗಳನ್ನು ಬರೆದುಕೊಳ್ಳುತ್ತಾರೆ. ಇನ್ನೊಬ್ಬರಿಗೆ ವಿಚಿತ್ರವಾದ ಕೆಲಸ: ಮಾತಿನ ನಡುವೆ ‘ಆ’, ‘ಮ್’, ‘ಅಂದರೆ’ ಎಂದು ಎಷ್ಟು ಸಲ ತಡವರಿಸಿದಿರಿ ಎಂದು ಎಣಿಸಿ ಹೇಳುವುದು. ಕೇಳಲು ತಮಾಷೆಯೆನಿಸಿದರೂ, ತನ್ನ ಲೆಕ್ಕ ಒಮ್ಮೆ ಕೇಳಿಸಿಕೊಂಡವನು ಮುಂದಿನ ಸಲ ಎಚ್ಚರವಾಗಿರುತ್ತಾನೆ.

ಈ ಪಾತ್ರಗಳು ಸಭೆಯಿಂದ ಸಭೆಗೆ ಬದಲಾಗುತ್ತವೆ. ಬದಲಾಗದೆ ಅವಧಿಯುದ್ದಕ್ಕೂ ಇರುವವರು ಪದಾಧಿಕಾರಿಗಳು. ಒಂದು ಕೂಟಕ್ಕೆ ಏಳು ಮಂದಿ: ಅಧ್ಯಕ್ಷರು, ಮೂವರು ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮತ್ತು ಸಾರ್ಜೆಂಟ್ ಅಟ್ ಆರ್ಮ್ಸ್ ಎಂಬ ಒಬ್ಬ ವ್ಯವಸ್ಥಾಪಕ. ಮೂರು ಜನ ಉಪಾಧ್ಯಕ್ಷರೇಕೆ, ವೇದಿಕೆಯ ಕುರ್ಚಿ ತುಂಬಿಸಲೇ ಎಂದು ನೀವು ಕೇಳಬಹುದು. ಅಲ್ಲ. ಒಬ್ಬರದು ಶಿಕ್ಷಣದ ಹೊಣೆ: ಮುಂದಿನ ಸಭೆಯಲ್ಲಿ ಯಾರ ಭಾಷಣ, ಯಾರ ವಿಮರ್ಶೆ ಎಂಬ ಪಟ್ಟಿ ತಯಾರಿಸಿ, ಹಿಂದೆ ಬಿದ್ದವರನ್ನು ಮುಂದಕ್ಕೆ ಕರೆಯುವುದು. ಇನ್ನೊಬ್ಬರದು ಹೊಸ ಸದಸ್ಯರನ್ನು ತರುವುದು, ಮೂರನೆಯವರದು ಪ್ರಚಾರ. ಸಾರ್ಜೆಂಟರು ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕಿಸಿ, ದೀಪ, ಗಡಿಯಾರ ಸರಿಯಿದೆಯೇ ಎಂದು ನೋಡಿ, ಬಂದವರನ್ನು ಬಾಗಿಲಲ್ಲಿ ಸ್ವಾಗತಿಸಬೇಕು. ನನ್ನ ಅಭಿಪ್ರಾಯದಲ್ಲಿ ಏಳರಲ್ಲಿ ಹೆಚ್ಚು ತೂಕದ್ದು ಶಿಕ್ಷಣದ ಉಪಾಧ್ಯಕ್ಷರ ಹುದ್ದೆ. ಅಧ್ಯಕ್ಷರು ಒಂದು ವಾರ ಬಾರದಿದ್ದರೂ ಸಭೆ ನಡೆದೀತು. ಪಟ್ಟಿಯೇ ಇಲ್ಲದಿದ್ದರೆ ಸಭೆಯಲ್ಲಿ ಮಾತನಾಡುವವರೇ ಇರುವುದಿಲ್ಲ.

ಈ ಏಳು ಜನ ಚುನಾಯಿತರಾದ ಮಾತ್ರಕ್ಕೆ ಕೆಲಸ ಬಂದಂತಾಗಲಿಲ್ಲ ಎಂಬ ತಿಳಿವಳಿಕೆಯೇ ಪದಾಧಿಕಾರಿಗಳ ತರಬೇತಿಗೆ ಮೂಲ. ವರ್ಷಾವಧಿಯ ಕೂಟಗಳಲ್ಲಿ ಅಧಿಕಾರ ಜುಲೈ 1ರಿಂದ ಜೂನ್ 30ರವರೆಗೆ. ತರಬೇತಿ ವರ್ಷಕ್ಕೆ ಎರಡು ಬಾರಿ: ಅವಧಿಯ ಆರಂಭದ ಸುಮಾರಿಗೆ ಒಮ್ಮೆ, ನಡುವೆ ಒಮ್ಮೆ. ಸುತ್ತಲಿನ ಹಲವು ಕೂಟಗಳ ಕಾರ್ಯದರ್ಶಿಗಳೆಲ್ಲ ಒಂದು ಕಡೆ, ಖಜಾಂಚಿಗಳೆಲ್ಲ ಒಂದು ಕಡೆ ಕುಳಿತು, ಹಿಂದೆ ಆ ಹುದ್ದೆಯಲ್ಲಿ ದುಡಿದವರಿಂದ ಕೆಲಸ ಕಲಿಯುತ್ತಾರೆ. ನಡಾವಳಿ ಬರೆಯುವುದು ಹೇಗೆ, ಚಂದಾ ಎತ್ತಿ ಲೆಕ್ಕ ಒಪ್ಪಿಸುವುದು ಹೇಗೆ, ಎರಡು ವಾರ ಕಾಣದ ಸದಸ್ಯನನ್ನು ನೋಯಿಸದೆ ವಿಚಾರಿಸುವುದು ಹೇಗೆ ಎಂಬಂಥ ಸಣ್ಣ ಸಂಗತಿಗಳೇ ಅಲ್ಲಿನ ಪಾಠ. ಎರಡೂ ತರಬೇತಿಗಳಿಗೆ ಏಳರಲ್ಲಿ ಕನಿಷ್ಠ ನಾಲ್ವರು ಹೋಗಿದ್ದರೆ ಕೂಟದ ವಾರ್ಷಿಕ ಸಾಧನೆಯ ಲೆಕ್ಕಕ್ಕೆ ಅದು ಸೇರುತ್ತದೆ. ಅಧ್ಯಕ್ಷರೊಬ್ಬರೇ ಹೋಗಿ ಬಂದರೆ ಸಾಲದು ಎಂದರ್ಥ. ಸ್ಯಾನ್ ಹೋಸೆಯಲ್ಲಿ ಸ್ಮೆಡ್ಲಿಯ ಹಿಂದೆ ಇಂಥ ನಾಲ್ವರು ಇರಲಿಲ್ಲ.

ಸಭೆ ನಡೆಸುವ ವಿದ್ಯೆಯ ಮಾತು ಬಂದಾಗ ಇನ್ನೊಬ್ಬನನ್ನು ನೆನೆಯಬೇಕು. ಹೆನ್ರಿ ರಾಬರ್ಟ್ ಎಂಬಾತ ಅಮೆರಿಕದ ಸೈನ್ಯದಲ್ಲಿ ಇಂಜಿನಿಯರ್ ಆಗಿದ್ದವನು. 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಚರ್ಚಿನ ಸಭೆಯೊಂದಕ್ಕೆ ಅವನನ್ನು ಅಧ್ಯಕ್ಷನನ್ನಾಗಿ ಕೂರಿಸಿದರು. ಸಭೆ ಗದ್ದಲವಾಗಿ ಕೈಮೀರಿತು. ಅವಮಾನಗೊಂಡ ರಾಬರ್ಟ್ ಸಭಾನಿಯಮಗಳನ್ನು ಓದಲು ಕುಳಿತ. ಹದಿಮೂರು ವರ್ಷಗಳ ನಂತರ, 1876ರಲ್ಲಿ, ಅವನ ಸಭಾನಿಯಮಗಳ ಪುಸ್ತಕ ಹೊರಬಂದಿತು. ಟೋಸ್ಟ್‌ಮಾಸ್ಟರ್ಸ್ ಸೇರಿದಂತೆ ಅಸಂಖ್ಯ ಸಂಘಗಳು ಇಂದಿಗೂ ಅದನ್ನು ಆಧಾರವಾಗಿ ಇಟ್ಟುಕೊಂಡಿವೆ.

ನಮ್ಮ ದೇಶದಲ್ಲಿ ಇಂಥ ಪ್ರಯತ್ನಗಳು ಇದಕ್ಕಿಂತ ಹಳೆಯವು. ಕಲ್ಕತ್ತೆಯ ಹಿಂದೂ ಕಾಲೇಜಿನ ತರುಣ ಅಧ್ಯಾಪಕ ಡಿರೋಜಿಯೋ ತನ್ನ ವಿದ್ಯಾರ್ಥಿಗಳೊಂದಿಗೆ 1828ರಲ್ಲಿ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟ ಕಟ್ಟಿದ. 1831ರಲ್ಲಿ ಕಾಲೇಜು ಅವನನ್ನು ಹೊರಹಾಕಿತು. ಅದೇ ವರ್ಷ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವನು ತೀರಿಕೊಂಡ. ಆದರೂ ಅವನ ಶಿಷ್ಯರು ಸುಮ್ಮನಾಗದೆ 1838ರಲ್ಲಿ ತಮ್ಮದೇ ಇನ್ನೊಂದು ವಿದ್ವತ್ ಸಂಘವನ್ನು ಸ್ಥಾಪಿಸಿದರು. ನಮ್ಮಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬೆಳೆಸಿದ ಕರ್ನಾಟಕ ಸಂಘವನ್ನು ನೀವು ಬಲ್ಲಿರಿ. ಆ ಸಂಘದಿಂದ 1919ರಲ್ಲಿ ಹೊರಟ ‘ಪ್ರಬುದ್ಧ ಕರ್ನಾಟಕ’ವನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯ ವಹಿಸಿಕೊಂಡು ನಡೆಸಿತು. ಗಾಂಧೀಜಿಯವರ ಪ್ರಸಂಗವೂ ಇಲ್ಲಿ ಪ್ರಸ್ತುತ. ಲಂಡನ್ನಿನಲ್ಲಿ ಓದುತ್ತಿದ್ದಾಗ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದ ಅವರು, ಬರೆದು ತಂದ ಅಭಿಪ್ರಾಯವನ್ನು ಓದಲೂ ಧೈರ್ಯ ಸಾಲದೆ ಕುಳಿತರು. ಅದನ್ನು ಬೇರೊಬ್ಬರು ಓದಬೇಕಾಯಿತು.

ಟೋಸ್ಟ್‌ಮಾಸ್ಟರ್ಸ್ ಚರಿತ್ರೆಯಲ್ಲಿ ಮೆಚ್ಚಲಾಗದ ಒಂದು ಅಧ್ಯಾಯವಿದೆ. ಮಾತಿನ ಅಂಜಿಕೆ ಗಂಡಸರಿಗೆ ಮಾತ್ರ ಎಂಬಂತೆ ಆ ಸಂಸ್ಥೆ 1973ರವರೆಗೆ ಸ್ತ್ರೀಯರಿಗೆ ಸದಸ್ಯತ್ವ ಕೊಡಲಿಲ್ಲ. ಮಹಿಳೆಯರು 1938ರಲ್ಲಿಯೇ ಟೋಸ್ಟ್‌ಮಿಸ್ಟ್ರೆಸ್ ಎಂಬ ಪ್ರತ್ಯೇಕ ಸಂಸ್ಥೆ ಕಟ್ಟಿಕೊಂಡಿದ್ದರು. 1970ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೂಟ ಹೆಲೆನ್ ಬ್ಲಾಂಚರ್ಡ್ ಎಂಬಾಕೆಯನ್ನು ಸೇರಿಸಿಕೊಳ್ಳಲು ಬಯಸಿತು. ನಿಯಮ ಅಡ್ಡ ಬಂದಿತು. ಕೊನೆಗೆ ಸದಸ್ಯತ್ವದ ಕಾಗದದಲ್ಲಿ ಹೋಮರ್ ಬ್ಲಾಂಚರ್ಡ್ ಎಂದು ಗಂಡಸಿನ ಹೆಸರು ಬರೆದು ಕಳುಹಿಸಿದರು! ಮೂರು ವರ್ಷಗಳ ನಂತರ ನಿಯಮವೇ ಬದಲಾಯಿತು. ಆಕೆ ಕೆಳಗಿನ ಹುದ್ದೆಗಳ ಕೆಲಸ ಕಲಿಯುತ್ತ ಮೇಲೇರಿ, 1985ರಲ್ಲಿ ಇಡೀ ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮಹಿಳೆಯರಲ್ಲಿ ಅವರೇ ಮೊದಲಿಗರು.