ಚಿತ್ರಕಥಿಗಳ ಕಾಗದದ ಪೋಥಿ: ಬೆಲೆಯೂ ರಕ್ಷಣೆಯೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಚಿತ್ರಗಳ ನೆರವಿನಿಂದ ಕಥೆ ಹೇಳುವವನ ಉಲ್ಲೇಖವಿದೆ. ಇಂದು ಗಡಿರೇಖೆಯ ಇಬ್ಬದಿಗೆ ಹಂಚಿಹೋಗಿರುವ ನಮ್ಮ ಸೀಮೆಯು ಅಂದು ಆ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಆದುದರಿಂದ ಚಿತ್ರಕಥಿಗಳ ವಿಷಯವು ಜತ್ತ ತಾಲೂಕಿನ ಕನ್ನಡಿಗರಾದ ನಮಗೆ ಪರರ ಮನೆಯ ಮಾತಲ್ಲ.

ಈ ಕಲೆಯು ಇಂದಿಗೂ ಉಸಿರಾಡುತ್ತಿರುವ ಊರು ಸಿಂಧುದುರ್ಗ ಜಿಲ್ಲೆಯ ಕುಡಾಳದ ಬಳಿಯ ಪಿಂಗುಳಿ. ಸಾವಂತವಾಡಿ ಸಂಸ್ಥಾನದ ಆಶ್ರಯ ಪಡೆದಿದ್ದ ಅಲ್ಲಿನ ಠಾಕರ ಸಮುದಾಯದವರು ಕಾಗದದ ಮೇಲೆ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಬರೆದು, ಎರಡೆರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಅಂಟಿಸುತ್ತಿದ್ದರು. ಒಂದು ಕಥೆಯ ಹಾಳೆಗಳೆಲ್ಲ ಸೇರಿದರೆ ಒಂದು ಪೋಥಿ. ವೀಣೆ, ತಾಳ, ಹುಡುಕಗಳೊಡನೆ ಹಾಡುತ್ತ ಒಂದೊಂದೇ ಹಾಳೆಯನ್ನು ಜನರೆದುರು ಹಿಡಿಯುವರು. ಇವರೇ ತೊಗಲುಗೊಂಬೆಯನ್ನೂ ಆಡಿಸುವರು. ನಮ್ಮ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿ ಬೆರೆತ ನುಡಿಯಾಡಿ, ಪರದೆಯ ಹಿಂದೆ ಕನ್ನಡದಲ್ಲಿ ರಾಮಾಯಣ ಹಾಡುವುದನ್ನು ನೆನೆದರೆ ಈ ನೆಂಟಸ್ತಿಕೆ ತಾನಾಗಿ ತಿಳಿಯುತ್ತದೆ.

ಇಂತಹ ಹಾಳೆಯೊಂದು ಹಳೆಯ ಪೆಟ್ಟಿಗೆಯಲ್ಲಿ ದೊರೆತರೆ ಅದರ ಬೆಲೆ ಕಟ್ಟುವುದು ಹೇಗೆ? ಬೆಳಕಿಗೆ ಹಿಡಿದು ನೋಡಬೇಕು. ಕಾಗದದ ಒಡಲಲ್ಲಿ ಕಾರಖಾನೆಯ ನೀರ್ಗುರುತು ಇದ್ದು, ಅದರಲ್ಲಿ ವರ್ಷವೂ ಕಂಡರೆ, ಚಿತ್ರವು ಆ ವರ್ಷಕ್ಕಿಂತ ಹಿಂದಿನದಲ್ಲವೆಂದಷ್ಟೇ ಸಿದ್ಧವಾಗುತ್ತದೆ. ಬಣ್ಣವೂ ಸಾಕ್ಷಿ ನುಡಿಯುತ್ತದೆ. ಅನಿಲಿನ್ ಬಗೆಯ ರಾಸಾಯನಿಕ ಬಣ್ಣಗಳು ಹುಟ್ಟಿದ್ದು 1856ರಿಂದ ಈಚೆಗೆ. ಅಂಚಿನ ಬೆರಳಿನ ಕಲೆ, ಎಣ್ಣೆಯ ಜಿಡ್ಡು, ಹಳೆಯ ತೇಪೆ ಇವುಗಳನ್ನು ಕೊರತೆಯೆಂದು ಎಣಿಸಲಾಗದು. ದೀಪದ ಬೆಳಕಿನಲ್ಲಿ ಆ ಹಾಳೆ ದುಡಿದುದಕ್ಕೆ ಅವೇ ಪುರಾವೆ. ತೀರ ಹೊಸದಾಗಿ ಹೊಳೆಯುವುದನ್ನೇ ನಾನು ಸಂಶಯದಿಂದ ನೋಡುತ್ತೇನೆ.

ಆದರೆ ಎಲ್ಲಕ್ಕಿಂತ ಮುಖ್ಯವಾದುದು ಪೋಥಿಯ ಪೂರ್ಣತೆ. ಚೌಕಟ್ಟಿನಲ್ಲಿ ತೂಗುಹಾಕುವವರಿಗೆ ಒಂದು ಹಾಳೆ ಸಾಕು. ವ್ಯಾಪಾರಿಗೆ ಬಿಡಿಯಾಗಿ ಮಾರಿದರೆ ಲಾಭ ಹೆಚ್ಚು. ಹೀಗೆ ಬಿಡಿಸಿದಾಗ ಹಾಳೆ ಉಳಿದು ಕಥೆ ಸಾಯುತ್ತದೆ. ಬೆನ್ನಿನ ಚಿತ್ರವನ್ನು ಬೇರ್ಪಡಿಸಲು ನೀರಿನಲ್ಲಿ ನೆನೆಸುವುದಂತೂ ಘೋರ ಕೃತ್ಯ. ನೂರು ವರ್ಷ ದಾಟಿದ ಚಿತ್ರವು 1972ರ ಕಾಯಿದೆಯಂತೆ ಪ್ರಾಚ್ಯವಸ್ತುವಾಗಿದ್ದು, ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ.

ರಕ್ಷಣೆಗೆ ದೊಡ್ಡ ಖರ್ಚು ಬೇಡ. ಲ್ಯಾಮಿನೇಶನ್ ಮಾಡಿಸಬಾರದು, ಅಂಟುಪಟ್ಟಿ ಹಚ್ಚಬಾರದು. ಶಾಲೆಯ ಹಳೆಯ ನಕಾಶೆಗಳ ಮೇಲೆ ಆ ಪಟ್ಟಿಯು ಹಳದಿಯಾಗಿ ಕಾಗದವನ್ನೇ ತಿಂದುದನ್ನು ನಾವೆಲ್ಲ ಕಂಡಿದ್ದೇವೆ. ಸುರುಳಿ ಸುತ್ತದೆ, ಮಡಚದೆ, ಸಮತಟ್ಟಾಗಿ ಇಡಬೇಕು. ಹಾಳೆಗಳ ನಡುವೆ ಆಮ್ಲರಹಿತ ಕಾಗದವಿಟ್ಟು, ತೊಳೆದು ಒಣಗಿಸಿದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ಅಂಟಿನ ಗಂಜಿಯ ಆಸೆಗೆ ಹುಳು ಬರುವುದರಿಂದ ಆಗಾಗ ಬಿಚ್ಚಿ ನೋಡಬೇಕು. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬಾರದು, ಬಿಸಿಲಿಗೂ ಒಡ್ಡಬಾರದು.

ಪಿಂಗುಳಿಯ ಪರಶುರಾಮ ಗಂಗಾವಣೆಯವರು ತಮ್ಮ ದನದ ಕೊಟ್ಟಿಗೆಯನ್ನೇ ಸಂಗ್ರಹಾಲಯವನ್ನಾಗಿ ಮಾಡಿದರು; 2021ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ನಮ್ಮ ಭಾಗದ ಮನೆಗಳಲ್ಲಿ ಇಂತಹ ಗಂಟು ಸಿಕ್ಕರೆ ಮೊದಲು ಎರಡೂ ಬದಿಯ ಛಾಯಾಚಿತ್ರ ತೆಗೆಯಿರಿ. ಯಾವ ಹಾಳೆಯ ನಂತರ ಯಾವುದು ಎಂಬುದನ್ನು ಬಲ್ಲ ಹಿರಿಯರು ಇದ್ದಾಗಲೇ ಕೂರಿಸಿಕೊಂಡು ಕೇಳಿ, ಅನುಕ್ರಮವನ್ನು ಬೇರೆ ಚೀಟಿಯಲ್ಲಿ ಬರೆದು ಗಂಟಿನೊಳಗೇ ಇಡಿರಿ. ಎರಡೂ ಬದಿ ಚಿತ್ರವಿರುವುದರಿಂದ ಹಾಳೆಯ ಮೇಲೆ ಅಂಕಿ ಹಾಕಲು ಸ್ಥಳವಿರುವುದಿಲ್ಲ.