ಸೀಗೆಯೋ, ಗೊಂಪೋ

ಒಣ ಕೂದಲು, ಎಣ್ಣೆ ಕೂದಲು, ಸಾಧಾರಣ ಕೂದಲು ಎಂದು ಕೂದಲಿನಲ್ಲಿ ಮೂರು ಪಂಗಡಗಳಿವೆಯೆಂದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ “ಕೂದಲಿಗೂ ಜಾತಿಯೇನೇ?” ಎಂದು ನಕ್ಕುಬಿಡುತ್ತಿದ್ದರು. ತಲೆಗೆ ಏನು ಹಾಕಬೇಕೆಂಬುದನ್ನು ಆಗ ತೀರ್ಮಾನಿಸುತ್ತಿದ್ದುದು ಹೆಚ್ಚಾಗಿ ಊರು. ಹಿತ್ತಲಲ್ಲಿ ಏನು ಬೆಳೆಯುತ್ತದೆ, ಸಂತೆಗೆ ಏನು ಬರುತ್ತದೆ, ಬಾವಿಯ ನೀರು ಎಂಥದು ಎನ್ನುವುದರ ಮೇಲೆ ಬಚ್ಚಲಿನ ಬಟ್ಟಲಿಗೆ ಬೀಳುವ ಪದಾರ್ಥ ನಿಂತಿತ್ತು.

ಮೈಸೂರು ಸೀಮೆಯಲ್ಲಿ ಸೀಗೆಪುಡಿ. ಅದರ ಖಾರ ತಗ್ಗಲೆಂದು ಜೊತೆಗೆ ಹಸಿರು ಬಣ್ಣದ ಚಿಗರೆಪುಡಿ. ಬೇರೆ ಕೆಲವು ಕಡೆ ಅಂಟುವಾಳದ ಕಾಯಿ ನೆನೆಸಿ ಹಿಸುಕಿದ ನೊರೆ. ಮಲೆನಾಡು, ಕರಾವಳಿಗಳಲ್ಲಿ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಗೊಂಪು. ಒಂದೇ ಕೆಲಸಕ್ಕೆ ಒಂದು ಕಡೆ ಎರೆದುಕೊಳ್ಳುವುದು, ಇನ್ನೊಂದು ಕಡೆ ಮೀಯುವುದು ಎಂದು ಹೆಸರೂ ಬೇರೆ.

ನನ್ನ ಅಮ್ಮ ಮೈಸೂರು ಕಡೆಯವಳು, ಸಾಗರದ ಕಡೆಗೆ ಸೊಸೆಯಾಗಿ ಬಂದವಳು. ಮೊದಲ ಶುಕ್ರವಾರ ಅತ್ತೆ ಕೈಗೆ ಗೊಂಪಿನ ಪಾತ್ರೆ ಕೊಟ್ಟಾಗ “ಇದೇನು ಲೋಳೆ!” ಎಂದು ಒಳಗೊಳಗೇ ಮುಖ ಕಿವುಚಿದಳಂತೆ. ಅವಳದು ನೆಟ್ಟನೆಯ ಕೂದಲು, ಎರಡು ದಿನಕ್ಕೆ ಜಿಡ್ಡು ಹಿಡಿಯುತ್ತಿತ್ತು. ಬರೀ ಗೊಂಪಿಗೆ ಆ ಜಿಡ್ಡು ಜಗ್ಗಲಿಲ್ಲ. ಅಜ್ಜಿಯದು ಒತ್ತಾದ ಗುಂಗುರು ಕೂದಲು. ಸೊಸೆ ತಂದಿದ್ದ ಸೀಗೆಪುಡಿಯನ್ನು ಒಮ್ಮೆ ಹಾಕಿಕೊಂಡು “ತಲೆ ತೆಂಗಿನ ನಾರಾಯ್ತು ಮಾರಾಯ್ತಿ” ಎಂದು ಗೊಣಗಿದರಂತೆ. ಆಮೇಲೆ ಅಮ್ಮ ಗೊಂಪಿಗೇ ಎರಡು ಚಮಚ ಸೀಗೆ ಬೆರೆಸಿಕೊಳ್ಳತೊಡಗಿದಳು; ಅಜ್ಜಿ ಕೊನೆಯವರೆಗೂ ಸೀಗೆ ಮುಟ್ಟಲಿಲ್ಲ. ಇಬ್ಬರೂ ಯಾವ ಬಾಟಲಿಯ ಲೇಬಲ್ಲನ್ನೂ ಓದಿರಲಿಲ್ಲ.

ಅವರ ಅನುಭವಕ್ಕೆ ಕಾರಣವಿದೆ. ನೆತ್ತಿಯ ಚರ್ಮದಲ್ಲಿ ಒಸರುವ ಜಿಡ್ಡು ನೆಟ್ಟನೆಯ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಗುಂಗುರಿನ ಸುರುಳಿಗಳಲ್ಲಿ ಅದು ತುದಿಯವರೆಗೆ ತಲುಪುವುದೇ ಇಲ್ಲ. ಹಾಗಾಗಿ ಗುಂಗುರಿನ ತುದಿ ಸದಾ ಒಣಗಿರುತ್ತದೆ. ಸೀಗೆ, ಅಂಟುವಾಳಗಳಲ್ಲಿ ಸ್ಯಾಪೊನಿನ್ ಎಂಬ ನೊರೆ ಬರಿಸುವ ಪದಾರ್ಥವಿದೆ, ಜಿಡ್ಡನ್ನು ಎತ್ತುವುದು ಅದೇ. ಸಂಸ್ಕೃತದಲ್ಲಿ ಅಂಟುವಾಳಕ್ಕೆ ‘ಫೇನಿಲ’ ಎಂಬ ಹೆಸರೇ ಇದೆ, ನೊರೆಯುಳ್ಳದ್ದು ಎಂದು. ದಾಸವಾಳದ ಎಲೆಯಲ್ಲಿ ಹೆಚ್ಚಾಗಿ ಇರುವುದು ಲೋಳೆ. ಅದು ತೊಳೆಯುವುದಕ್ಕಿಂತ ಮೆತ್ತಗೆ ಮಾಡುವುದೇ ಹೆಚ್ಚು.

ತಲೆಗೆ ಎಣ್ಣೆ ಒತ್ತಿ ಮೀಯುವ ಈ ಸುಖ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಸುಮಾರು 1130ರ ಗ್ರಂಥ. ಅದು ರಾಜನ ಭೋಗಗಳಲ್ಲಿ ಸ್ನಾನಭೋಗಕ್ಕೆ ಬೇರೆಯೇ ಸ್ಥಾನ ಕೊಟ್ಟಿದೆ. ಅರಮನೆಯಲ್ಲಿ ಒತ್ತುವ ಆಳುಗಳಿದ್ದರು. ನಮ್ಮ ಮನೆಗಳಲ್ಲಿ ಹಂಡೆಗೆ ಉರಿ ಹಾಕುವವಳೂ, ಸೀಗೆ ಕುಟ್ಟುವವಳೂ, ಮಕ್ಕಳಿಗೆಲ್ಲ ಎರೆದು ಕೊನೆಗೆ ಆರಿದ ನೀರಿನಲ್ಲಿ ತಾನು ಮೀಯುವವಳೂ ಒಬ್ಬಳೇ.

‘ಶಾಂಪೂ’ ಎಂಬ ಮಾತು ಹುಟ್ಟಿದ್ದೂ ಈ ಒತ್ತುವುದರಿಂದಲೇ. ಹಿಂದಿಯ ‘ಚಾಂಪ್ನಾ’ ಎಂದರೆ ಒತ್ತು, ಮಾಲೀಸು ಮಾಡು. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಯ ಸ್ನಾನ, ಮಾಲೀಸಿನ ಮನೆ ನಡೆಸಿ ದೊರೆಗಳಿಗೂ ಮೈ ಒತ್ತಿದ. 1822ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಬರೆದ. ಅಲ್ಲಿ ಶಾಂಪೂ ಎಂದರೆ ಮೈ ಒತ್ತುವುದು. ಮುಂದೆ ಅದು ತಲೆ ತೊಳೆಯುವುದಾಯಿತು, ಆಮೇಲೆ ಬಾಟಲಿಯೊಳಗಿನ ದ್ರವವಾಯಿತು. ಹೀಗೆ ಅರ್ಥ ಬದಲಿಸಿಕೊಂಡು ನಮ್ಮಲ್ಲಿಗೇ ವಾಪಸ್ಸು ಬಂತು, ವಿಲಾಯಿತಿಯಿಂದ ಮರಳಿದ ಅಳಿಯನ ಗತ್ತಿನಲ್ಲಿ!

ನಡುವೆ ಸೋಪು ಬಂದಿತ್ತು. ಮೈಸೂರು ಸಂಸ್ಥಾನದ ಸೋಪಿನ ಕಾರ್ಖಾನೆ ಶುರುವಾಗಿ ನೂರು ವರ್ಷ ದಾಟಿದೆ. ಆದರೂ ಬಹಳ ಮನೆಗಳಲ್ಲಿ ‘ಮೈಗೆ ಸೋಪು, ತಲೆಗೆ ಸೀಗೆ’ ಎಂಬ ಕಟ್ಟು ಮುರಿಯಲಿಲ್ಲ. ಅದರಲ್ಲಿ ಜಾಣತನವಿತ್ತು. ಸೋಪು ಕ್ಷಾರ. ಗಡಸು ನೀರಿನ ಸುಣ್ಣದ ಅಂಶದೊಡನೆ ಸೇರಿದರೆ ಅದು ಕರಗದ ಗಷ್ಟಾಗಿ ಕೂದಲಿಗೆ ಅಂಟುತ್ತದೆ. ಸೀಗೆಯ ನೀರು ತುಸು ಹುಳಿ, ಅದು ಹಾಗೆ ಗಷ್ಟು ಕಟ್ಟುವುದಿಲ್ಲ. ಬಯಲುಸೀಮೆಯಲ್ಲಿ ಕೊಳವೆಬಾವಿಗಳು ಹೆಚ್ಚಿದ ಮೇಲೆ “ಊರು ಬದಲಾಯಿಸಿದ್ದೇ ಕೂದಲು ಉದುರಿತು” ಎಂದು ಕೊರಗುವ ಮದುಮಕ್ಕಳನ್ನು ಎಷ್ಟೋ ಕಂಡಿದ್ದೇನೆ. ಕೂದಲು ಉದುರಲು ನೂರು ಕಾರಣ. ಆದರೆ ಅದು ಒರಟಾಗಿ ಕಳೆಗುಂದಿದ್ದರೆ ಮೊದಲು ಬಕೆಟ್ಟಿನ ನೀರನ್ನು ನೋಡಿ.

1930ರ ದಶಕದಲ್ಲಿ ಅಮೆರಿಕದಲ್ಲಿ ಗಡಸು ನೀರಿಗೂ ಒಗ್ಗುವ ಕೃತಕ ಮಾರ್ಜಕದ ಶಾಂಪೂ ಬಂತು. ಜಿಡ್ಡನ್ನು ಪೂರಾ ಬಳಿದುಕೊಂಡು ಹೋಗುವ ವಸ್ತು ಕೈಗೆ ಸಿಕ್ಕಮೇಲೆ ‘ಒಣ ಕೂದಲಿಗೆ ಇದು, ಜಿಡ್ಡಿನದಕ್ಕೆ ಅದು’ ಎಂದು ಬಗೆಬಗೆಯ ಬಾಟಲಿ ಮಾಡುವುದು ಸುಲಭವೂ ಆಯಿತು, ಲಾಭವೂ ಆಯಿತು. ನಮ್ಮಲ್ಲಿ ಬಾಟಲಿ ಬಹುಕಾಲ ಉಳ್ಳವರ ವಸ್ತುವಾಗಿಯೇ ಇತ್ತು. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಪುಟ್ಟ ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬಿದರು. ಅವರ ಮಗ ರಂಗನಾಥನ್ 1983ರಲ್ಲಿ ‘ಚಿಕ್’ ಹೊರತಂದರು. ಪೊಟ್ಟಣಗಳು ಸರಮಾಲೆಯಾಗಿ ಹಳ್ಳಿಯ ಗೂಡಂಗಡಿಗಳಲ್ಲೂ ತೂಗಾಡಿದವು.

ಅದನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಸೀಗೆ ಒಣಗಿಸಿ, ಕುಟ್ಟಿ, ಸೀನುತ್ತಾ ಜರಡಿ ಹಿಡಿದು, ಉರಿಯುವ ಕಣ್ಣಿನಲ್ಲಿ ಮೊಣಕಾಲುದ್ದದ ಜಡೆ ತೊಳೆದು, ನಾರಿನ ಚೂರು ಹೆಕ್ಕಿ, ಸಾಂಬ್ರಾಣಿ ಹೊಗೆಯಲ್ಲಿ ಆರಿಸಿಕೊಳ್ಳುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಎಂಟೂವರೆಯ ಬಸ್ಸು ಹಿಡಿಯುವ ಟೀಚರಮ್ಮನಿಗೆ ಆ ಪೊಟ್ಟಣ ಕೊಟ್ಟ ಬಿಡುವನ್ನು ‘ಹಿಂದಿನವರು ಹೇಗಿದ್ದರು’ ಎಂದು ಹಾಡಿ ಹೊಗಳುವ ಗಂಡಸರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಚಕ್ರ ತಿರುಗಿ ಅಂಗಡಿಯ ತುಂಬ ‘ಹರ್ಬಲ್’. ಬಾಟಲಿಯ ಮುಂದೆ ದಾಸವಾಳದ ಚಿತ್ರ. ಹಿಂದಿನ ಸಣ್ಣಕ್ಷರ ಓದಿದರೆ ಎಷ್ಟೋ ಸಲ ಮೊದಲ ಸಾಲಿನಲ್ಲಿ ಅದೇ ಹಳೆಯ ಮಾರ್ಜಕ, ದಾಸವಾಳ ಎಲ್ಲೋ ಕೊನೆಯಲ್ಲಿ. ಅದರಿಂದ ಪ್ರಾಣ ಹೋಗುವುದಿಲ್ಲ, ಹೋಗುವುದು ದುಡ್ಡು. ಭಯಪಡಬೇಕಾದ್ದು ‘ಕಪ್ಪು ಮೆಹಂದಿ’ಗೆ. ಬರಿಯ ಮದರಂಗಿ ಸೊಪ್ಪು ಕೆಂಪು, ಕಿತ್ತಳೆ ಬಣ್ಣವನ್ನಷ್ಟೇ ಕೊಡುತ್ತದೆ. ಅದು ಕಪ್ಪಾಗಬೇಕಾದರೆ ನೀಲಿ ಗಿಡದ ಎಲೆಯ ಪುಡಿ ಬೇಕು, ಇಲ್ಲವೇ ಪಿ.ಪಿ.ಡಿ. ಎಂಬ ರಾಸಾಯನಿಕ. ಈ ಎರಡನೆಯದು ಒಗ್ಗದವರಿಗೆ ನೆತ್ತಿ ಬೊಕ್ಕೆಯೆದ್ದು ಮುಖ ಬಾತುಕೊಳ್ಳುತ್ತದೆ. ‘ನೈಸರ್ಗಿಕ’ ಎಂಬ ಅಕ್ಷರ ನೋಡಿ ನಂಬಬೇಡಿ. ಪದಾರ್ಥಗಳ ಪಟ್ಟಿ ಓದಿ, ಸ್ವಲ್ಪ ಕೈಗೆ ಹಚ್ಚಿ ಎರಡು ದಿನ ಕಾದು ನೋಡಿ.

ಕೂದಲಿಗಿಂತ ಮೊದಲು ನೆತ್ತಿಯನ್ನು ವಿಚಾರಿಸಿ. ಜಿಡ್ಡಿನ ನೆತ್ತಿಗೆ ಸೀಗೆಯ ಜೊತೆ ತುಸು ಅಂಟುವಾಳ ಸಲ್ಲುತ್ತದೆ. ಒಣ ನೆತ್ತಿಗೆ ಅಂಟುವಾಳ ಬೇಡವೇ ಬೇಡ. ಗೊಂಪು, ನೆನೆಸಿ ರುಬ್ಬಿದ ಮೆಂತ್ಯ ಹಿತ. ನೆತ್ತಿ ಜಿಡ್ಡು, ತುದಿ ಒಣಗಿದ್ದು, ಹೀಗೆ ಎರಡೂ ಇರುವವರೇ ನಮ್ಮಲ್ಲಿ ಹೆಚ್ಚು. ಅವರು ಸೀಗೆಯನ್ನು ಬುಡಕ್ಕೆ, ಗೊಂಪನ್ನು ತುದಿಗೆ ಹಾಕಬಹುದು. ಎಣ್ಣೆ ಎಷ್ಟು ಹಚ್ಚುತ್ತೀರೋ ತೊಳೆಯುವ ಪದಾರ್ಥವೂ ಅಷ್ಟೇ ಜೋರಾಗಿರಬೇಕಾಗುತ್ತದೆ. ಹಬ್ಬದ ಹರಳೆಣ್ಣೆಗೆ ಗೊಂಪು ಸಾಲದು. ವಾರಕ್ಕೆರಡು ಚಮಚ ಕೊಬ್ಬರಿ ಎಣ್ಣೆಗೆ ಅಂಟುವಾಳ ಅತಿಯಾಯಿತು.

ಹೆಚ್ಚಿನ ಸೀಗೆ ಬರುವುದು ಇಂದಿಗೂ ಕಾಡಿನಿಂದ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೀಗೆ, ಅಂಟುವಾಳ, ನೆಲ್ಲಿ, ಜೇನು ಸಂಗ್ರಹಿಸಿ ಸೋಲಿಗರು ಬದುಕಿದವರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅಭಯಾರಣ್ಯದಿಂದ ಮಾರಾಟಕ್ಕಾಗಿ ತರುವುದು ನಿಂತುಹೋಯಿತು. ಮನೆಮನೆಯ ವರಮಾನ ಕುಸಿಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಆಸರೆಯಲ್ಲಿ ಅವರು ಪಟ್ಟುಹಿಡಿದು, 2011ರಲ್ಲಿ ಸಮುದಾಯದ ಹಕ್ಕುಪತ್ರ ಪಡೆದರು. ಸೀಗೆ ಮುಳ್ಳಿನ ಮೆಳೆ. ಕೈ ಗೀರಿಸಿಕೊಳ್ಳದೆ ಕಾಯಿ ಬಿಡಿಸಲಾಗದು. “ಇದು ಯಾವ ಕಾಡಿನದಪ್ಪಾ?” ಎಂದು ನಾನು ಅಂಗಡಿಯಲ್ಲಿ ಕೇಳುವುದುಂಟು. “ಕಂಪನಿ ಮಾಲು ಅಮ್ಮಾ” ಎನ್ನುತ್ತಾನೆ. ಬಿಡಿಸದ ಇಡೀ ಕಾಯಿ ಇದೆಯೇ ಎಂದರೆ, ಏಣಿ ಹತ್ತಿ ಅಟ್ಟದ ಮೇಲಿನ ಗೋಣಿಚೀಲ ಇಳಿಸುತ್ತಾನೆ.