ಮಣ್ಣು ಮುಟ್ಟದ ‘ಅರ್ತ್’: ಲಾರಿ ಎಂಜಿನ್ನಿನ ಒಂದು ಪಟ್ಟಿಯ ಕತೆ

ನಮ್ಮ ಚಿಕ್ಕಪ್ಪನ ಹಳೇ ಲಾರಿಯ ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಮತ್ತೆ ಕೂರಿಸಿದ ದಿನ ನಾನೂ ಗ್ಯಾರೇಜಿನಲ್ಲಿದ್ದೆ. ಮರುದಿನ ಬೆಳಿಗ್ಗೆ ಈರುಳ್ಳಿ ಲೋಡಿಗೆ ಬಾಡಿಗೆ ಒಪ್ಪಿಕೊಂಡಿದ್ದರು. ಕೀ ತಿರುಗಿಸಿದರೆ ಸೆಲ್ಫ್ ‘ಟಕ್ ಟಕ್’ ಅಂದು ಸುಮ್ಮನಾಯಿತು. ಲೈಟು, ಹಾರನ್ನು ಮಾತ್ರ ಸರಿಯಾಗಿದ್ದವು. ಬೇರೆ ಬ್ಯಾಟರಿ ತಂದು ಹಾಕಿದರು. ಸೆಲ್ಫ್ ಮೋಟರ್ ಬಿಚ್ಚಿ ನೋಡಿದರು. ಮತ್ತೆ ಕೀ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ಲಿನಿಂದ ಹೊಗೆ ಬಂತು!

ಮರುದಿನ ಮಧ್ಯಾಹ್ನ ಬಂದ ಹಿರಿಯ ಎಲೆಕ್ಟ್ರಿಷಿಯನ್ ಎಂಜಿನ್ ಪಕ್ಕ ಕೈ ಹಾಕಿ ತಡಕಾಡಿ, “ಯಜಮಾನ್ರೇ, ಅರ್ತ್ ಪಟ್ಟಿ ಎಲ್ಲಿ?” ಅಂದರು. ಅದು ಬೋಲ್ಟುಗಳ ಡಬ್ಬಿಯಲ್ಲಿ ಬಿದ್ದಿತ್ತು. ಹಾಕಿದ ಕೂಡಲೇ ಎಂಜಿನ್ ಶುರುವಾಯಿತು. ಅಷ್ಟರಲ್ಲಿ ಈರುಳ್ಳಿ ಬೇರೆ ಲಾರಿ ಹತ್ತಿ ಹೋಗಿತ್ತು.

ಗೇಣುದ್ದದ ಆ ತಾಮ್ರದ ಪಟ್ಟಿಗೆ ಇಷ್ಟು ಬೆಲೆ ಬಂದದ್ದು ಹೇಗೆ? ಅದಕ್ಕೊಂದು ಇತಿಹಾಸವಿದೆ.

ಬ್ಯಾಟರಿಯಿಂದ ಹೊರಟ ಕರೆಂಟು ಮತ್ತೆ ಬ್ಯಾಟರಿಗೇ ಮರಳಬೇಕು. ಹೋಗಲು ಒಂದು ದಾರಿ, ಬರಲು ಒಂದು ದಾರಿ. 1838ರಲ್ಲಿ ಜರ್ಮನಿಯ ಮ್ಯೂನಿಕ್‌ನ ವಿಜ್ಞಾನಿ ಕಾರ್ಲ್ ಆಗಸ್ಟ್ ಸ್ಟೈನ್‌ಹೈಲ್, ಟೆಲಿಗ್ರಾಫಿಗೆ ಎರಡು ತಂತಿ ಬೇಡ, ಮರಳುವ ದಾರಿಯಾಗಿ ನೆಲವೇ ಸಾಕು ಎಂದು ಕಂಡುಕೊಂಡರು. ಆಗಿನಿಂದ ಮರಳುವ ದಾರಿಗೆ ‘ಅರ್ತ್’ ಎಂಬ ಹೆಸರು ಗಟ್ಟಿಯಾಯಿತು. ಮೋಟಾರು ವಾಹನ ಬಂದಾಗ ನೆಲದ ಜಾಗದಲ್ಲಿ ಕಬ್ಬಿಣದ ಚಾಸಿ ನಿಂತಿತು. ತಾಮ್ರ ಉಳಿಯಿತು, ಹೆಸರೂ ಉಳಿಯಿತು. ಟೈರಿನ ಮೇಲೆ ನಿಂತ ಲಾರಿಯ ಅರ್ತ್ ಮಣ್ಣನ್ನು ಮುಟ್ಟುವುದೇ ಇಲ್ಲ.

ಮೊದಮೊದಲು ಹ್ಯಾಂಡಲ್ ಹಾಕಿ ತಿರುಗಿಸಿ ಎಂಜಿನ್ ಶುರು ಮಾಡುತ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಗೆ ತಿರುಗಿಸುವ ಕೆಲಸ ಕರೆಂಟಿನ ಪಾಲಾಯಿತು. ಲಾರಿಯ ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. ಹೋದ ಅಷ್ಟೂ ಕರೆಂಟು ಎಂಜಿನ್ನಿನ ಮೈಯಿಂದಲೇ ಮರಳಬೇಕು.

ಆಮೇಲೆ ರಬ್ಬರ್ ಬಂತು. ನಡುಕ ತಗ್ಗಿಸಲು 1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂರಿಸಿ ಹೆಸರು ಮಾಡಿತು. ಇಂದಿನ ಲಾರಿಗಳಲ್ಲೂ ಎಂಜಿನ್ ಕೂತಿರುವುದು ರಬ್ಬರಿನ ಮೇಲೆಯೇ. ರಬ್ಬರಿನಲ್ಲಿ ಕರೆಂಟು ಹರಿಯದು. ಹಾಗಾಗಿ ಎಂಜಿನ್ನಿಗೂ ಚಾಸಿಗೂ ನಡುವೆ ಆ ಪಟ್ಟಿಯೇ ಸೇತುವೆ. ಸೇತುವೆ ತೆಗೆದರೆ ಕರೆಂಟು ಸಿಕ್ಕ ಸಿಕ್ಕ ದಾರಿ ಹಿಡಿಯುತ್ತದೆ. ಚಿಕ್ಕಪ್ಪನ ಲಾರಿಯಲ್ಲಿ ಅದು ಹಿಡಿದದ್ದು ಆಕ್ಸಿಲರೇಟರ್ ಕೇಬಲ್ಲನ್ನು.

ಲೈಟು ಉರಿದರೂ ಸೆಲ್ಫ್ ತಿರುಗದೇ ಇದ್ದದ್ದೇಕೆ? ಲೆಕ್ಕ ಸುಲಭ. ತುಕ್ಕು ಹಿಡಿದ ಜಾಯಿಂಟಿನಲ್ಲಿ 0.02 ಓಮ್ ತಡೆ ಇದೆ ಎನ್ನಿ. 1 ಆಂಪಿಯರ್ ಎಳೆಯುವ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. 300 ಆಂಪಿಯರ್ ಎಳೆಯುವ ಸೆಲ್ಫಿಗೆ ಅಲ್ಲೇ 6 ವೋಲ್ಟ್ ನಷ್ಟ. ಪಟ್ಟಿಯೇ ಇಲ್ಲದಿದ್ದರೆ ಕೇಳಬೇಕೇ!

1960ರ ದಶಕದಲ್ಲಿ ವಿದೇಶಗಳಲ್ಲಿ ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬರತೊಡಗಿತು. ಬ್ರಿಟನ್ನಿನ ಅನೇಕ ವಾಹನಗಳಲ್ಲಿ ಅಲ್ಲಿಯವರೆಗೆ ಪ್ಲಸ್ ತುದಿಯೇ ಅರ್ತ್ ಆಗಿತ್ತು. ಆಮೇಲೆ ಮೈನಸ್ ಅರ್ತ್ ಎಲ್ಲೆಡೆ ನೆಲೆಗೊಂಡಿತು. ಆಲ್ಟರ್ನೇಟರ್ ಒಳಗಿನ ಡಯೋಡುಗಳು ಉಲ್ಟಾ ಕನೆಕ್ಷನ್ ಸಹಿಸುವುದಿಲ್ಲ, ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ನಮ್ಮಲ್ಲಿ ಟಾಟಾ–ಮರ್ಸಿಡಿಸ್ ಬೆಂಜ್ ಲಾರಿಗಳು 1954ರಲ್ಲಿ ಜಮ್ಶೆಡ್‌ಪುರದಿಂದ ಹೊರಬಂದವು. ಡೀಸೆಲ್ ಪಂಪ್ ತಯಾರಿಸುವ ಮೈಕೋ ಕಾರ್ಖಾನೆ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೇ ಬೆಳೆಯಿತು. ಆ ಕಾಲದ ಪಂಪ್ ಗೇರಿನಿಂದ ತಿರುಗುತ್ತಿತ್ತು. ವೈರಿಂಗ್ ಕೆಟ್ಟರೂ ನಾಲ್ಕು ಜನ ತಳ್ಳಿದರೆ ಎಂಜಿನ್ ಶುರುವಾಗುತ್ತಿತ್ತು. ಅದಕ್ಕೇ ಅರ್ತ್ ಬಗ್ಗೆ ಅಸಡ್ಡೆ ನಡೆಯುತ್ತಿತ್ತು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಆ ಕಾಲ ಮುಗಿಯಿತು. ಡೀಸೆಲ್ ಎಷ್ಟು, ಯಾವಾಗ ಎಂದು ಈಗ ನಿರ್ಧರಿಸುವುದು ಇಸಿಎಂ ಎಂಬ ಕಂಪ್ಯೂಟರ್ ಡಬ್ಬಿ. ಅನೇಕ ಸೆನ್ಸರ್‌ಗಳು ಅದಕ್ಕೆ ಸುದ್ದಿ ಕೊಡುವುದು 5 ವೋಲ್ಟ್ ಒಳಗೆ. ಅರ್ತ್ ಸಡಿಲವಾದರೆ ಡಬ್ಬಿಗೆ ಸುಳ್ಳು ಸುದ್ದಿ ಹೋಗಬಹುದು. ಸೆನ್ಸರ್ ಚೆನ್ನಾಗಿದ್ದರೂ ಬದಲಾಯಿಸಿ ಹಣ ಕಳೆದುಕೊಳ್ಳುವುದು ಇಂಥಲ್ಲೇ.

ಆ ಹಿರಿಯರು ಅಂದು ಹೇಳಿದ ಕ್ರಮ ಇಂದಿಗೂ ನಡೆಯುತ್ತದೆ. ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ, ಜೋಡಿಸುವಾಗ ಕೊನೆಗೆ ಹಾಕಿ. ಪ್ರತಿ ವೈರಿಗೂ ಚೀಟಿ ಕಟ್ಟಿ. ಈಗ ಕೈಯಲ್ಲಿ ಫೋನಿದೆ, ಬಿಚ್ಚುವ ಮೊದಲೇ ಫೋಟೊ ತೆಗೆಯಿರಿ. ಎಂಜಿನ್ನಿಗೆ ಹೊಸ ಪೇಂಟ್ ಹೊಡೆದಿದ್ದರೆ ಪಟ್ಟಿ ಕೂರುವ ಜಾಗದಲ್ಲಿ ಕಬ್ಬಿಣ ಹೊಳೆಯುವಂತೆ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಸೆಲ್ಫ್ ಹೊಡೆಯುವಾಗ ಎಂಜಿನ್ ಮೈಗೂ ಬ್ಯಾಟರಿಯ ಮೈನಸ್ಸಿಗೂ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಬ್ಯಾಟರಿ ಅಂಗಡಿಗೆ ಹೋಗಬೇಡಿ, ಅರ್ತ್ ನೋಡಿ.

ಚಿಕ್ಕಪ್ಪ ಈಗ ಲಾರಿ ಮಾರಿದ್ದಾರೆ. ಯಾರಾದರೂ ಎಂಜಿನ್ ಕೂರಿಸುತ್ತಿದ್ದರೆ ಮಾತ್ರ ಹತ್ತಿರ ಹೋಗಿ ಮೊದಲು ಬೋಲ್ಟುಗಳ ಡಬ್ಬಿ ನೋಡುತ್ತಾರೆ.